ಸಮುದ್ರಕ್ಕೆ ಹೊರಟ ಸುಜಾತಾ

ನನ್ನ ಮೊಮ್ಮಗಳು ಸುಜಾತಾ ಸಮುದ್ರದ ಸಂಶೋಧನೆಗೆ ಆಯ್ಕೆಯಾದಳು! ಸಮುದ್ರವೇ ಇಲ್ಲದ ಹೈದರಾಬಾದಿನಲ್ಲಿ ಸಮುದ್ರ ಓದುವ ಕಚೇರಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ರಾಯಚೂರಿನಿಂದ ಅವಳ ಜೊತೆ ಬಂದ ನಾನು ಬೆಳಗಿನಿಂದ ಅದರ ಗೇಟಿನ ಬಳಿ ಕುಳಿತಿದ್ದೆ. ಸಂದರ್ಶನ ಮುಗಿಸಿ ಬಂದವಳ ಮುಖ ಬಾಡಿತ್ತು.

“ತಿಂಗಳುಗಟ್ಟಲೆ ಹಡಗಿನಾಗ ಇರ್ತೀಯೇನು ಅಂತ ಕೇಳಿದ್ರು ಅಜ್ಜಿ. ನಂಗ ಬಸ್ಸಿನಾಗೂ ವಾಂತಿ ಆಕೈತ್ರಿ, ಆದ್ರೂ ಹೋಗ್ತೀನಿ ಅಂದೆ.”

“ಅಯ್ಯ ಹುಚ್ಚಿ! ವಾಂತಿ ಸುದ್ದಿ ಯಾಕ ಹೇಳ್ದಿ?”

“ಖರೇನ ಐತಲ್ಲ.”

ದಾರಿಯುದ್ದಕ್ಕೂ ಮೂಸಲು ನಿಂಬೆಹಣ್ಣು ಕೊಡುತ್ತ ಕರೆತಂದವಳು ನಾನೇ.

ಮಧ್ಯಾಹ್ನ ಆಯ್ಕೆಯಾದವರ ಪಟ್ಟಿ ಹಚ್ಚಿದರು. ಅವಳ ಹೆಸರಿತ್ತು! ಸಂದರ್ಶನ ಮಾಡಿದ್ದ, ತಲೆ ನರೆತ ಮೇಡಂ ಒಬ್ಬರು ಹೊರಗೆ ಬಂದು, ತಾವೂ ಮೊದಲ ಸಲ ಹಡಗು ಹತ್ತಿದಾಗ ವಾರವಿಡೀ ವಾಂತಿಗೆ ಬಕೀಟು ಪಕ್ಕದಲ್ಲಿಟ್ಟುಕೊಂಡೇ ಸಮುದ್ರದ ನೀರು ಪರೀಕ್ಷೆ ಮಾಡಿದ್ದಾಗಿ ಹಿಂದಿಯಲ್ಲಿ ಹೇಳಿ ನಕ್ಕರು. ನಾನು ಚೀಲದಲ್ಲಿ ಉಳಿದ ನಿಂಬೆಹಣ್ಣು ಎಣಿಸಿದೆ.

ಸಂಜೆ ದಿಲ್‌ಸುಖ್‌ನಗರದ ನನ್ನ ಕಿರಿಯ ಮಗಳ ಮನೆಯಲ್ಲಿ ಎಲ್ಲರೂ ಕೂಡಿ ಊಟಕ್ಕೆ ಕುಳಿತೆವು.

“ಹಡಗಿನಾಗ ರೊಟ್ಟಿ ಯಾರು ಬಡೀತಾರ?” ಎಂದೆ.

“ನೀವ ಹೋಗ್ರಿ ಅತ್ತಿ,” ಎಂದ ಅಳಿಯ.

ಎಲ್ಲರೂ ನಕ್ಕರು. ಸುಜಾತಾ ಮೂರನೆಯ ರೊಟ್ಟಿ ಮುರಿದಳು. ನಾನು ಅವಳ ತಾಟಿಗೆ ಇನ್ನೊಂದು ಹಾಕಿದೆ.