ಮಾತೆಯ ಹಣೆಗೆ ಹಚ್ಚಿದ ಕುಂಕುಮ

ಒಬ್ಬೊಬ್ಬರೂ ನೆರೆಮನೆಯ ಒಬ್ಬರಿಗಾದರೂ ನಮ್ಮ ವಿಶ್ವಾಸವನ್ನು ಮುಟ್ಟಿಸಬೇಕು ಎಂದು ಅಕ್ಟೋಬರ್, ಅಂದರೆ ಜಪಸರದ ತಿಂಗಳ ಮೊದಲ ಭಾನುವಾರ ಫಾದರ್ ಪ್ರಸಂಗದಲ್ಲಿ ಹೇಳಿದರು. ಹೇಳುವುದಕ್ಕೇನು. ಅವರ ನೆರೆಮನೆ ಕನ್ಯಾಸ್ತ್ರೀ ಮಠ. ನನ್ನ ನೆರೆಮನೆಯಲ್ಲಿರುವುದು ಜಕ್ಕೂರಿನ ಹಳೇ ಊರಿನ ಗೌಡರ ಹೆಂಗಸು. ಹೊಲದಲ್ಲಿ ಅಪಾರ್ಟ್‌ಮೆಂಟ್ ಎದ್ದರೂ ಹಸು ಬಿಟ್ಟವಳಲ್ಲ, ಯಾರ ಮಾತನ್ನೂ ಪೂರ್ತಿ ಕೇಳಿದವಳಲ್ಲ. ನಾನೋ ಪ್ರಾರ್ಥನೆ ಪುಸ್ತಕದಲ್ಲಿ ಅಕ್ಷರ ಕೂಡಿಸುವಷ್ಟರಲ್ಲಿ ಉಳಿದವರು ಆಮೆನ್ ಹೇಳಿರುತ್ತಾರೆ. ನಾನು ಅವಳಿಗೆ ಏನು ಮುಟ್ಟಿಸಲಿ?

ಆ ತಿಂಗಳು ಮಾತೆ ಮರಿಯಮ್ಮನ ಸ್ವರೂಪ, ಅಂದರೆ ಪ್ರತಿಮೆ, ನಮ್ಮ ಕ್ರೈಸ್ತರ ಮನೆಮನೆಗೂ ಬರುತ್ತದೆ. ಒಂದು ದಿನ ಇಟ್ಟುಕೊಂಡು, ಸಂಜೆ ಎಲ್ಲರೂ ಸೇರಿ ಮಣಿ ಎಣಿಸುತ್ತ ಜಪಸರ ಹೇಳಿ, ಮುಂದಿನ ಮನೆಗೆ ಕಳಿಸಬೇಕು. ನಮ್ಮ ಮನೆಗೆ ಬಂದ ದಿನ ಮಧ್ಯಾಹ್ನ ಅವಳು ಮಲ್ಲಿಗೆ ಹೂ ಹಿಡಿದು ಬಂದಳು. ಅವಳ ಮಗಳಿಗೆ ಎರಡು ಸಲ ಬಸಿರು ನಿಂತೂ ಇಳಿದು ಹೋಗಿತ್ತು. ಈಗ ಮತ್ತೆ ನಿಂತಿದೆ, ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದಾರೆ. ನಿಮ್ಮಮ್ಮನ ಹತ್ತಿರ ಒಂದು ಸಲ ಕೇಳಿಕೊಳ್ಳುತ್ತೇನೆ ಎಂದಳು. ಕೇಳಿಕೋ, ಯಾರು ಬೇಡ ಎಂದರು, ಎಂದು ನಾನು ಕಾಫಿ ಕಾಯಿಸಲು ಒಳಗೆ ಹೋದೆ.

ಲೋಟ ಹಿಡಿದು ಬಂದರೆ ಮಾತೆಯ ಹಣೆ ತುಂಬ ಅರಿಸಿನ, ಅದರ ಮೇಲೆ ಕಾಸಗಲ ಕುಂಕುಮ. ನೀರಲ್ಲಿ ಕಲಸಿ ಹಚ್ಚಿದ್ದಾಳೆ, ಪುಣ್ಯಾತ್ಗಿತ್ತಿ.

"ಏನೇ ಮಾಡ್ದೆ ಇದು?"

"ಯಾಕಕ್ಕಾ, ಗಂಡ ಇಲ್ವಾ ಈಯಮ್ಮಂಗೆ?"

"ಇದ್ದ ಕಣೇ. ಬಡಗಿ."

"ಮತ್ತೆ ಮುತ್ತೈದೇನ ಬೋಳು ಅಣೇಲಿ ಇಂಗೆ ಕೂರ್ಸಿದೀರಲ್ಲ, ನಿಮಗೇನಾದ್ರೂ ಬುದ್ಧಿ ಐತಾ?"

ಒದ್ದೆ ಬಟ್ಟೆ ತಂದು ಉಜ್ಜಿದೆ. ಕುಂಕುಮ ಹೋಗಲಿಲ್ಲ, ಬಣ್ಣ ಹೋಯಿತು. ಉಜ್ಜಿದಷ್ಟೂ ಕೆಂಪು ಹರಡಿ, ಮಾತೆಗೆ ಜ್ವರ ಬಂದ ಹಾಗೆ ಕಂಡಿತು.

ಸಂಜೆ ನಮ್ಮ ಚರ್ಚಿನ ಸಂಘದ ಮುಖ್ಯಸ್ಥೆ ಜನರನ್ನು ಕಟ್ಟಿಕೊಂಡು ಬಂದಳು. ವಿಶ್ವಾಸ ಹಂಚುವುದು ಹೇಗೆ ಎಂದು ಮೂರು ದಿನ ತರಬೇತಿ ಪಡೆದು ಬಂದವಳು. ಹಣೆ ನೋಡಿದವಳೇ, ಬೇರೆಯವರನ್ನೆಲ್ಲ ಸ್ವರೂಪದ ಹತ್ತಿರ ಯಾಕೆ ಬಿಟ್ಟಿರಿ ಎಂದು ನನ್ನ ಮೇಲೆ ಬಿದ್ದಳು. ಆ ಬೇರೆಯವಳು ಜಪ ನೋಡಲು ಬಂದು ಬಾಗಿಲ ಪಕ್ಕದಲ್ಲೇ ಚಾಪೆಯ ಮೇಲೆ ಕೂತಿದ್ದಾಳೆ ಎಂಬ ಪರಿವೆಯೂ ಇಲ್ಲ. ಭಾನುವಾರ ಫಾದರ್ ಹೇಳಿದ್ದನ್ನು ನೆನಪು ಮಾಡಿದೆ. ವಿಶ್ವಾಸ ಮುಟ್ಟಿಸುವುದು ಬೇರೆ, ಸ್ವರೂಪ ಮುಟ್ಟಿಸುವುದು ಬೇರೆ ಎಂದಳು. ಹಂಚಬೇಕಂತೆ, ಆದರೆ ಯಾರೂ ತೆಗೆದುಕೊಳ್ಳಬಾರದಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಗೌಡಗಿತ್ತಿ ಸೆರಗು ಕೊಡವಿಕೊಂಡು ಎದ್ದು ಹೋಗಿದ್ದಳು.

ಬೆಳಿಗ್ಗೆ ಅವಳು ಹಾಲು ತಂದಾಗ ಮುಖ ಬಿಳಿಚಿಕೊಂಡಿತ್ತು. ರಾತ್ರಿಯಿಂದ ಮಗಳಿಗೆ ಸೊಂಟ ನೋವಂತೆ. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡೆ. ಅಲ್ಲ.

"ತಪ್ಪಾಗೋಯ್ತು ಕಣಕ್ಕಾ. ಅಮ್ಮಂಗೆ ಕೋಪ ಬಂದೈತೆ. ಮಗೂನ ಉಳಿಸ್ತಾಳಾ ಇನ್ನ?"

ನನಗೆ ಎಲ್ಲಿತ್ತೋ ಸಿಟ್ಟು. ಆ ಮುಖ್ಯಸ್ಥೆಯ ಮೇಲೆ, ಇವಳ ಮೇಲೆ, ಬೇಡದ ಕೆಲಸ ಹಚ್ಚಿದ ಫಾದರ್ ಮೇಲೆ.

"ಮಗನ್ನ ಶಿಲುಬೆಗೆ ಹೊಡೆದೋರಿಗೇ ಅವಳು ಶಾಪ ಹಾಕ್ಲಿಲ್ಲ. ನಿನ್ನ ಚಿಟಿಕೆ ಕುಂಕುಮಕ್ಕೆ ಕೋಪ ಮಾಡ್ಕೊಂಡು ನಿನ್ನ ಮಗಳ ಹೊಟ್ಟೆಗೆ ಕೈ ಹಾಕ್ತಾಳೇನೇ? ಅಂಥೋಳಾಗಿದ್ರೆ ನಾನ್ಯಾಕೆ ಇಷ್ಟು ವರ್ಷ ಅವಳ ಕಾಲು ಹಿಡ್ಕೊಂಡಿರ್ಲಿ? ಮೊದ್ಲು ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗು."

ಅವಳು ಹಾಲಿನ ಕ್ಯಾನು ಅಲ್ಲೇ ಬಿಟ್ಟು ಓಡಿದಳು. ಹೆಬ್ಬಾಳದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ಮಗು ಉಳಿದಿದೆ, ಈಗ ಏಳು ತಿಂಗಳು ತುಂಬಿದೆ. ಮಾತೆಯ ಹಣೆಗೆ ಸಂಘದವರು ಹೊಸ ಬಣ್ಣ ಹೊಡೆಸಿದರು, ಅದು ಮುಖಕ್ಕಿಂತ ಬೆಳ್ಳಗೆ ಬೇರೆಯಾಗಿ ಕಾಣುತ್ತದೆ.

ಮೊನ್ನೆ ಫಾದರ್, ನೆರೆಯವರಿಗೆ ವಿಶ್ವಾಸ ಮುಟ್ಟಿಸಿದವರು ಕೈ ಎತ್ತಿ ಎಂದರು. ಮುಖ್ಯಸ್ಥೆ ಎತ್ತಿದಳು. ನನಗೆ ಭುಜ ನೋವು, ನಾನು ಎತ್ತಲಿಲ್ಲ.

ಗೌಡಗಿತ್ತಿ ಕ್ರೈಸ್ತಳೇನೂ ಆಗಿಲ್ಲ, ಆಗುವವಳೂ ಅಲ್ಲ. ಆದರೆ ಹಾಲು ಕರೆದ ಮೇಲೆ ದಿನಾ ಸಂಜೆ ಬಂದು, ಸಗಣಿ ವಾಸನೆಯ ಸಮೇತ ನನ್ನ ಜಪಸರದ ಪಕ್ಕ ಕೂರುತ್ತಾಳೆ. ಸುಮ್ಮನೆ ಕೂತರೆ ಪುಣ್ಯ ಬರುತ್ತಿತ್ತು. ನಿನ್ನೆ ನಾನು ಏಳನೇ ಮಣಿ ಹಿಡಿದಿರುವಾಗ ಮೊಣಕೈ ತಿವಿದಳು.

"ಅಕ್ಕಾ, ಈಯಮ್ಮ ಬಸ್ರಿ ಅಂತ ಗೊತ್ತಾದಾಗ ಆ ಬಡಗಿ ಏನಂದ?"

ಹೇಳದೆ ಬಿಡುವವಳಲ್ಲ. ಮೊದಲು ಬಿಟ್ಟುಬಿಡಬೇಕೆಂದಿದ್ದವನು ಕನಸಿನಲ್ಲಿ ದೇವದೂತ ಬಂದು ಹೇಳಿದ ಮೇಲೆ ಮನೆಗೆ ಕರೆದುಕೊಂಡ ಎಂದು ಹೇಳಿದೆ. ಮಣಿಗಳನ್ನು ಮತ್ತೆ ಮೊದಲಿನಿಂದ ಹಿಡಿಯಬೇಕಾಯಿತು.