ನ್ಯೂಟ್ರಲ್‌ಗೆ ಹಾಕಿದವನು ನಾನು

ಇದನ್ನು ಹೇಳಲು ಇಷ್ಟು ವರ್ಷ ಹಿಂದೆ ಮುಂದೆ ನೋಡಿದೆ. ನಾನು ಕಾಮಗೆರೆಯವನು. ನಾನೂ ಹೊನ್ನೂರಿನ ನನ್ನ ಭಾಮೈದನೂ ಬೆಂಗಳೂರಿನಲ್ಲಿ ಒಂದೇ ಸಿಟಿ ಬಸ್ಸು ಓಡಿಸುತ್ತಿದ್ದೆವು. ಬೆಳಗಿನ ಪಾಳಿ ಅವನದು, ಮಧ್ಯಾಹ್ನದ್ದು ನನ್ನದು. ಡೀಸೆಲ್ ಉಳಿಸುವ ಚಾಲಕರಿಗೇ ಹೊಸ ಎಲೆಕ್ಟ್ರಿಕ್ ಬಸ್ಸು ಕೊಡುತ್ತೇವೆಂದು ಡಿಪೋದಲ್ಲಿ ಹೇಳಿದರು. ಅವನು ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿ, ಆಕ್ಸಿಲರೇಟರನ್ನು ಮೆಲ್ಲಗೆ ತುಳಿದು ಉಳಿಸುತ್ತಿದ್ದ. ನನಗೆ ಆ ತಾಳ್ಮೆಯಿರಲಿಲ್ಲ. ಫ್ಲೈಓವರಿನ ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ, ಜನ ತುಂಬಿದ ಬಸ್ಸನ್ನು ಹಾಗೇ ಜಾರಲು ಬಿಡುತ್ತಿದ್ದೆ.

ಇಳಿಜಾರಿನಲ್ಲಿ ಬಸ್ಸು ಹಿಡಿತವಿಲ್ಲದೆ ಜಾರುತ್ತದೆಂದು ಯಾರೋ ಪ್ರಯಾಣಿಕರು ಬಸ್ಸಿನ ನಂಬರು ಬರೆದು ದೂರು ಕೊಟ್ಟರು, ಹೊತ್ತು ಬರೆದಿರಲಿಲ್ಲ. ಯಾರ ಪಾಳಿಯೆಂದು ತಿಳಿಯದೆ ಡಿಪೋ ಸಾಹೇಬರು ಇಬ್ಬರನ್ನೂ ಕರೆದರು.

“ನಾ ಅಂಗೆಲ್ಲಾ ಓಡ್ಸಕಿಲ್ಲ ಸಾ. ಬೇಕಾರೆ ನಮ್ ಭಾವನ್ನೇ ಕೇಳಿ,” ಎಂದು ಅವನು ನಕ್ಕ.

“ಅವ್ನು ಒಸಿ ಆತುರಗಾರ ಸಾ,” ಎಂದೆ ನಾನು.

ತಮಾಷೆಯೆಂದುಕೊಂಡು ಅವನು ಇನ್ನೂ ನಗುತ್ತಲೇ ಇದ್ದ. ಸಾಹೇಬರು ಬರೆದುಕೊಳ್ಳುವುದನ್ನು ಕಂಡ ಮೇಲೆ, “ಭಾವಾ?” ಎಂದ.

ಹೊಗೆಯಿಲ್ಲದ, ಸದ್ದಿಲ್ಲದ ಬಸ್ಸು ನನಗೆ ಸಿಕ್ಕಿತು. ಅವನು ನಿವೃತ್ತಿಯವರೆಗೂ ಡೀಸೆಲ್ ಬಸ್ಸಿನಲ್ಲೇ ಉಳಿದ. ಆಮೇಲೆ ಎಂದೂ ನನ್ನನ್ನು ಭಾವ ಎನ್ನಲಿಲ್ಲ. “ಏನ್ ಕರೆಂಟ್ ಡ್ರೈವರ್ ಸಾಹೇಬ್ರೇ” ಎನ್ನುತ್ತಿದ್ದ. ಆದರೂ ತನ್ನ ಅಕ್ಕನಿಗೆ ಈ ಮಾತು ಇಂದಿಗೂ ಹೇಳಿಲ್ಲ. ನಾನು ಕ್ಷಮೆ ಕೇಳದೇ ಉಳಿದಿರುವುದು ಅವನನ್ನೇ, ನನ್ನ ಹೆಂಡತಿಯ ಒಬ್ಬನೇ ತಮ್ಮನನ್ನು.