ಕಣ್ಣ ಚಾ ಕುಡಿದ ಮೂರು ದಿನ

ಮನೆಮನೆಗೆ ಮೊಬೈಲು ಬರುತ್ತಿದ್ದ ಕಾಲ. ಹಡಗಿನಲ್ಲಿ ಕೆಲಸಕ್ಕಿದ್ದ ಭಾವ ಕೋಟೇಶ್ವರದ ನಮ್ಮ ಮನೆಗೆ ಮೂರು ಡಬ್ಬಿ ಚಹಾ ಎಲೆ ತಂದುಕೊಟ್ಟರು: ಜಪಾನಿನದು, ಚೀನಾದ್ದು, ಸಿಲೋನಿನದು. ಹಾಲು ಹಾಕಿದರೆ ಎಲೆಯ ಮರ್ಯಾದೆ ಹೋಗುತ್ತದೆ ಎಂದು ತಾಕೀತು ಮಾಡಿ ಹೋದರು.

ನಮ್ಮ ಕಡೆ ಹಾಲಿಲ್ಲದ ಚಹಾಕ್ಕೆ ಕಣ್ಣ ಚಾ ಎನ್ನುತ್ತಾರೆ. ಅದನ್ನು ಕುಡಿಯುವುದು ಹೊಟ್ಟೆ ಕೆಟ್ಟವರು. ಇದು ನನಗೆ ಮರೆತೇಹೋಗಿತ್ತು.

ಜಪಾನಿನದಕ್ಕೆ ಎಳೆ ಹುಲ್ಲಿನ ವಾಸನೆಯಿತ್ತು. ಚೀನಾದ್ದು ಹೂವಿನಂತೆ ಪರಿಮಳಿಸಿತು. ಮೂರನೇ ದಿನ ಸಿಲೋನಿನ ಎಲೆ ಬಿಸಿನೀರಿನಲ್ಲಿ ಬಿಚ್ಚಿಕೊಳ್ಳುವುದನ್ನು ನೋಡುತ್ತ ಕೂತಿದ್ದೆ. ಅಮ್ಮ ಗಂಜಿಯನ್ನೂ ದಾಳಿಂಬೆ ಸಿಪ್ಪೆಯ ಕಷಾಯವನ್ನೂ ತಂದಿಟ್ಟಳು.

"ಮೂರ್ ದಿನ ಆಯ್ತ್, ಇನ್ನೂ ನಿಂತಿಲ್ಯಾ?"

"ನಂಗೆ ಎಂತದೂ ಆಯ್ಲಿಲ್ಲ ಅಮ್ಮ! ರುಚಿ ಕಾಂಬುಕೆ ಕುಡಿತಾ ಇಪ್ದ್!"

"ನಾಚ್ಕಿ ಎಂತಕೆ ಮಗಾ" ಎಂದು ಬೆನ್ನು ಸವರಿದಳು. ಮೈಯೆಲ್ಲ ಉರಿಯಿತು.

ಸಂಜೆ ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದ ರಸ್ತೆಗೇ ಕೇಳುವಂತೆ ಕೂಗಿದರು: "ಹ್ವಾಯ್, ಹೊಟ್ಟಿ ಹ್ಯಾಂಗಿತ್ತ್?"

ಸೀದಾ ಒಳಗೆ ಹೋದೆ. ಸಿಲೋನಿನ ಎಲೆಯನ್ನು ಕುದಿಸಿ, ಹಾಲು ಸುರಿದು, ಎರಡು ಚಮಚ ಸಕ್ಕರೆ ಹಾಕಿ, ಬೇಲಿಯ ಹತ್ತಿರ ನಿಂತು ಎಲ್ಲರಿಗೂ ಕಾಣುವಂತೆ ಕುಡಿದೆ.

"ಅಬ್ಬ, ಸಮ ಆಯ್ತಲ್ದಾ?" ಎಂದರು ಅತ್ತೆ.

"ಆಯ್ತ್" ಎಂದೆ.